ನಿಂಗಮ್ಮನ ರೀಡಿಂಗು, ನಮ್ಮ ನಲವತ್ತೊಂದು ಜನರ ರೀಡಿಂಗು

ಕಳೆದ ಗುರುವಾರ ನಾನು ಸೋತೆ. ಅದೂ ಬರೀ ಪಾಯಿಂಟ್ ಮೂರು ಮಿಲಿಲೀಟರ್ ಅಂತರದಲ್ಲಿ. ಇಷ್ಟು ಖುಷಿಯಾಗಿ ಯಾರಾದರೂ ಸೋತದ್ದುಂಟಾ?

ಶಹಾಪುರದ ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುವುದು ನಿಮಗೆ ಗೊತ್ತೇ ಇದೆ. ಅವತ್ತು ಅಸಿಟಿಕ್ ಆಮ್ಲದ ಟೈಟ್ರೇಷನ್. ದುರ್ಬಲ ಆಮ್ಲ, ವಿನೆಗರ್‌ನಲ್ಲಿರುತ್ತದಲ್ಲ, ಅದೇ ಹುಳಿ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಅದಕ್ಕೆ ಹನಿಹನಿಯಾಗಿ ಕ್ಷಾರ ಬಿಡಬೇಕು. ನಸುಗುಲಾಬಿ ಬಣ್ಣ ಬಂದು ನಿಂತ ಕೂಡಲೇ ಕೊಳವೆಯ ಮೇಲಿನ ಅಂಕಿ ಓದಬೇಕು. ನನಗೆ 20.4 ಬಂತು, ನನ್ನ ಬುಕ್ಕಿನಲ್ಲಿ ಬರೆದು ಮೇಜಿನ ಮೇಲಿಟ್ಟೆ. ನಲವತ್ತು ಮಕ್ಕಳಿಗೂ 20.4. (ಎಂಥಾ ಕ್ಲಾಸು ನನ್ನದು!)

ನಿಂಗಮ್ಮನಿಗೆ ಮಾತ್ರ 20.7. ಕಕ್ಕೇರಾದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ, ಮಾತು ಕಡಿಮೆ. ಮತ್ತೆ ಮಾಡು ಎಂದೆ. 20.7. ಇನ್ನೊಮ್ಮೆ. 20.7! ನನಗೆ ಪಿತ್ತ ನೆತ್ತಿಗೇರಿತು. ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ರೆಕಾರ್ಡಿಗೆ ನನ್ನ ಸಹಿ ಇಲ್ಲದಿದ್ದರೆ ಅವಳನ್ನು ಒಳಗೇ ಬಿಡುವುದಿಲ್ಲ.

"20.4 ಅಂತ ಬರಕೊಂಡು ಬಾ, ಸಹಿ ಮಾಡ್ತೀನಿ" ಎಂದೆ. (ಹೌದು, ನಾನೇ ಹೇಳಿದ್ದು. ಈಗ ನಾಚಿಕೆಯಾಗುತ್ತದೆ.)

"ಬರದೇ ಇದ್ದದ್ದು ಬಂದೈತಂತ ಹ್ಯಾಂಗ ಹೇಳ್ಲಿರಿ ಸರ್?"

ಅವಳ ಕಣ್ಣಲ್ಲಿ ನೀರು. ಆದರೂ ಅಂಕಿ ತಿದ್ದಲಿಲ್ಲ. ಸೀದಾ ಹೋಗಿ ಒಂದು ಸ್ಟೂಲು ಎಳೆದು ತಂದು ನನ್ನ ಬ್ಯೂರೆಟ್ ಮುಂದೆ ಹಾಕಿದಳು.

"ನೀವು ನಿಂತು ನೋಡಾಕತ್ತೀರಿ. ಒಂದ್ಸಲ ಕುಂತು ನೋಡ್ರಿ. ನಮ್ಮಪ್ಪ ಕಾಲುವಿ ನೀರಿನ ಗೇಜ್ ಬರಕೊಳ್ಳೂ ಕೆಲಸದಾಗ ಅದಾನ್ರಿ. ಸೇತುವಿ ಮ್ಯಾಲ ನಿಂತು ನೋಡಂಗಿಲ್ಲ. ಮೆಟ್ಟಲ ಇಳದು, ನೀರಿನ ಸಮಕ್ಕ ಕಣ್ಣು ತಂದು ನೋಡ್ತಾನ."

ನಾನು ಆರಡಿ ಆಳು. ಸೊಂಟನೋವು ಬೇರೆ. ಬ್ಯೂರೆಟ್ ಮುಂದೆ ಬಗ್ಗಿ ಎಷ್ಟು ವರ್ಷವಾಯಿತೋ! ಕೂತೆ. 20.7. ಎದ್ದು ನಿಂತೆ. 20.4. ಮತ್ತೆ ಕೂತೆ. 20.7! ಮೇಲಿನಿಂದ ನೋಡಿದರೆ ರೀಡಿಂಗ್ ತಪ್ಪುತ್ತದೆ ಅಂತ ವರ್ಷಾ ವರ್ಷಾ ಪಾಠ ಮಾಡುವವನೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.

ಉಳಿದವರ ಕಡೆ ತಿರುಗಿದೆ. "ಮತ್ತ ನಿಮಗೆಲ್ಲ 20.4 ಎಲ್ಲಿಂದ ಬಂತು?"

ಹಿಂದಿನಿಂದ ಒಂದು ದನಿ: "ನಿಮ್ಮ ಬುಕ್ ನೋಡಿ ಬರದೀವ್ರಿ ಸರ್."

ಇಡೀ ಲ್ಯಾಬ್ ನಕ್ಕಿತು. ನಾನೂ ನಕ್ಕೆ. ಅಲ್ಲೇ ನಿಂಗಮ್ಮನ ರೆಕಾರ್ಡಿಗೆ ಸಹಿ ಹಾಕಿ, ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಆ ಹುಡುಗಿ ಬೀಗಿದ್ದಕ್ಕಿಂತ ಹೆಚ್ಚು ನಾನು ಬೀಗಿದೆ, ನನ್ನ ವಿದ್ಯಾರ್ಥಿನಿಯಲ್ಲವೇ? ಶುಕ್ರವಾರ ಪರೀಕ್ಷೆಗೆ ಎಲ್ಲರಿಗಿಂತ ಮೊದಲು ಬಂದಿದ್ದಳು.

ಈಗ ನಿಮಗೊಂದು ಪ್ರಶ್ನೆ. ಸುತ್ತಲಿನವರೆಲ್ಲ ನಿಮ್ಮ ಮಾತು ಒಪ್ಪುತ್ತಿರುವುದು ನೀವು ಸರಿ ಇದ್ದೀರಿ ಅಂತಲೋ, ಸಹಿ ಮಾಡುವ ಪೆನ್ನು ನಿಮ್ಮ ಕೈಯಲ್ಲಿದೆ ಅಂತಲೋ?