ಆರೋಗ್ಯದ ಕಾರಣದಿಂದ

ಪಕ್ಷದ ಹಿರಿಯರೊಬ್ಬರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಗ್ಗೆ, ಫೋನು ಕೂಡ ಮಾಡದೆ. ಜೊತೆಯಲ್ಲಿ ನಮ್ಮ ಸೊಸೈಟಿಯ ಉಪಾಧ್ಯಕ್ಷರಿದ್ದರು. ಹೀಗೇ ಈ ಕಡೆ ಬಂದಿದ್ದೆವು, ನೋಡಿಕೊಂಡು ಹೋಗೋಣ ಎಂದು ಮೆಟ್ಟಿಲು ಹತ್ತಿದೆವು ಎಂದರು. ಹೀಗೇ ಬರುವ ದಾರಿಯಲ್ಲ ನಮ್ಮದು. ಕಡಬದ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಬಂದರೆ ನಮ್ಮ ಮನೆ, ಅದರಾಚೆ ಹೊಳೆ. ಪುತ್ತೂರಿನ ಹಿರಿಯರಿಗೆ ಆ ಹೊಳೆಯಲ್ಲಿ ಎಂಥ ಕೆಲಸ?

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಪರೀಕ್ಷಾ ಕೊಠಡಿಯಲ್ಲಿ ಮೂವತ್ತು ವರ್ಷ ನಿಂತು ಕಲಿತದ್ದು ಒಂದೇ: ಯಾರು ತೀರಾ ಸಾಧುವಾಗಿ ಕೂತಿದ್ದಾರೋ ಅವರ ಡೆಸ್ಕಿಗೆ ಮೊದಲು ಹೋಗಬೇಕು. ನನ್ನ ಗಂಡ ನನ್ನನ್ನು ಅನುಮಾನದ ಪೆಟ್ಟಿಗೆ ಎಂದು ತಮಾಷೆ ಮಾಡುವುದುಂಟು. ಆ ದಿನ ಹಿರಿಯರು ತೀರಾ ಸಾಧುವಾಗಿ ಕೂತಿದ್ದರು. ಕಾಫಿ ಒಳ್ಳೆಯದಾಗಿದೆ ಎಂದು ಎರಡು ಸಲ ಹೇಳಿದರು. ನಾನು ಮಾಡಿದ ಕಾಫಿ ಎಂಥದ್ದೆಂದು ನನಗೆ ಗೊತ್ತಿಲ್ಲವೇ?

ಇವರು, ಎಂದರೆ ನನ್ನ ಗಂಡ, ಹತ್ತು ವರ್ಷಗಳಿಂದ ನಮ್ಮ ಕೃಷಿ ಸಹಕಾರಿ ಸೊಸೈಟಿಯ ಅಧ್ಯಕ್ಷರು. ಹೊಸ ಚುನಾವಣೆಗೆ ಎರಡು ತಿಂಗಳಿತ್ತು. ಸಹಕಾರಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ನಿಜ. ಆದರೆ ಯಾರು ನಿಲ್ಲಬೇಕು, ಯಾರು ಮನೆಯಲ್ಲಿ ಕೂರಬೇಕು ಎಂಬ ಪಟ್ಟಿ ಪುತ್ತೂರಿನಲ್ಲಿ ತಯಾರಾಗುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಹಿರಿಯರು ಇವರ ಹತ್ತು ವರ್ಷದ ದುಡಿಮೆಯನ್ನು ಬಹಳ ಹೊಗಳಿದರು. ನಿಮ್ಮಂಥವರು ಇನ್ನು ಜಿಲ್ಲೆಯ ಮಟ್ಟದಲ್ಲಿ ಸಲಹೆ ಕೊಡಬೇಕು ಎಂದರು. ಹೊರಡುವಾಗ ಚಪ್ಪಲಿ ಹಾಕುತ್ತಾ, ತಲೆ ಎತ್ತದೆ, "ನೀವು ಆಗಾಗ ಘಟ್ಟ ಹತ್ತುದುಂಟಂತಲ್ಲ?" ಎಂದು ಕೇಳಿದರು.

ಇವರು ನೆಂಟರಿದ್ದಾರೆ ಎಂದರು. ಹಾಸನದಲ್ಲಿ ನಮಗೆ ನೆಂಟರಿಲ್ಲ.

ಘಟ್ಟದ ವಿಷಯ ಇಲ್ಲಿ ಹೇಳಿಬಿಡಬೇಕು. ನಾಲ್ಕು ವರ್ಷಗಳ ಹಿಂದೆ ಇವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮಾತ್ರೆಗೆ ಬಗ್ಗಲಿಲ್ಲ, ಇನ್ಸುಲಿನ್ ಬೇಕಾಯಿತು, ಊಟಕ್ಕೆ ಮೊದಲು ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಪುತ್ತೂರಿನಲ್ಲಿ ಒಳ್ಳೆಯ ವೈದ್ಯರಿಗೆ ಬರವಿಲ್ಲ, ಆದರೆ ಅಲ್ಲಿಯ ಯಾವ ಆಸ್ಪತ್ರೆಯ ಬೆಂಚಿನಲ್ಲಿ ಕೂತರೂ ಪಕ್ಕದಲ್ಲಿ ಸೊಸೈಟಿಯ ಒಬ್ಬ ಸದಸ್ಯ ಇದ್ದೇ ಇರುತ್ತಾನೆ. ಹಾಗಾಗಿ ನಾವು ತಿಂಗಳಿಗೊಮ್ಮೆ ಗುಂಡ್ಯದಿಂದ ಶಿರಾಡಿ ಹತ್ತಿ ಹಾಸನಕ್ಕೆ ಹೋಗುತ್ತಿದ್ದೆವು. ಘಟ್ಟದ ಮೇಲಿನವರೆಲ್ಲ ಮದ್ದಿಗೆಂದು ಕೆಳಗಿಳಿಯುವಾಗ ನಾವಿಬ್ಬರು ಮದ್ದಿಗೆಂದು ಮೇಲೆ ಹತ್ತುವುದು! ಗುಂಡ್ಯದಲ್ಲಿ ಚಹಾ ಕುಡಿಯಲು ನಿಂತಾಗ ನೆಲ್ಯಾಡಿ ಕಡೆಯ ಒಬ್ಬ ರಬ್ಬರ್ ಕೃಷಿಕರು ನಮ್ಮ ಕಾರನ್ನು ಎರಡು ಸಲ ನೋಡಿದರು. ಅಷ್ಟೇ ಸಾಕಾಯಿತು. ಅಧ್ಯಕ್ಷರು ಸಕಲೇಶಪುರದಲ್ಲಿ ಕಾಫಿ ತೋಟ ಮಾಡಿದ್ದಾರಂತೆ ಎಂದು ಸುದ್ದಿಯಾಯಿತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ.

ಕಾಯಿಲೆಯನ್ನು ಯಾಕೆ ಮುಚ್ಚಿಡಬೇಕಿತ್ತು ಎಂದು ಕೇಳಬಹುದು. ಹತ್ತು ವರ್ಷಗಳ ಹಿಂದೆ ಇವರಿಗಿಂತ ಮೊದಲಿದ್ದ ಅಧ್ಯಕ್ಷರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಅವರು ಗುಣವಾಗಿ ಓಡಾಡುತ್ತಿದ್ದರು, ಮತ್ತೆ ನಿಲ್ಲುವ ಮನಸ್ಸೂ ಇತ್ತು. ಆಗ ಒಂದು ಭಾನುವಾರ ಬೆಳಗ್ಗೆ ಅವರ ಮನೆಗೆ ಹೋಗಿ, ನಿಮಗೆ ವಿಶ್ರಾಂತಿ ಬೇಕು, ಆರೋಗ್ಯ ಮುಖ್ಯ ಎಂದು ಕೈ ಹಿಡಿದು ಹೇಳಿ ಬಂದವರಲ್ಲಿ ಇವರೂ ಒಬ್ಬರು. ಬಂದು ನನ್ನ ಹತ್ತಿರ ವಿವರಿಸುವಾಗ ಇವರ ಮುಖದಲ್ಲಿ ಎಷ್ಟು ಗೆಲುವಿತ್ತು! ಅದು ನನಗೆ ಆಗಲೇ ಹಿಡಿಸಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿದ್ದಲ್ಲ. ಕಾಯಿಲೆ ಬಂದ ದಿನ ಇವರು ನನ್ನಿಂದ ಮಾತು ತೆಗೆದುಕೊಂಡರು, ಒಂದು ನರಪಿಳ್ಳೆಗೂ ಹೇಳಬಾರದು. ನಾನು ಮಕ್ಕಳಿಗೂ ಹೇಳಲಿಲ್ಲ.

ಆದರೆ ನಮ್ಮ ಕಡೆ ಅಧ್ಯಕ್ಷನಾದವನು ಸಭೆ ತಪ್ಪಿಸಬಹುದು, ಊಟ ತಪ್ಪಿಸುವ ಹಾಗಿಲ್ಲ. ಮದುವೆ, ಸತ್ತವರ ಬೊಜ್ಜ, ಮನೆ ಒಕ್ಕಲು, ಎಲ್ಲಕ್ಕೂ ಮನೆಗೇ ಬಂದು ಕರೆಯುತ್ತಾರೆ, ಹೋಗಬೇಕು. ಹೋದರೆ ಎಲೆಯ ಮುಂದೆ ಕೂರಬೇಕು. ಗೇಟಿನ ಹತ್ತಿರ ಮನೆಯ ಯಜಮಾನ ನಿಂತು, ಹೊರಡುವವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಾನೆ. ಉಣ್ಣದೆ ಹೋದವನು ಬಾರದವನಿಗಿಂತ ಕಡೆ. ಇವರೋ ಮದುವೆ ಮಂಟಪದ ಜನಜಂಗುಳಿಯಲ್ಲಿ ಎಲ್ಲಿ ಅಂಗಿ ಎತ್ತಿ ಚುಚ್ಚಿಕೊಳ್ಳುವುದು? ಇನ್ನೊಂದು ಕಡೆ ಹೋಗ್ಲಿಕ್ಕುಂಟು ಎಂದು ನಗುತ್ತಾ ಜಾರಿಕೊಳ್ಳುತ್ತಿದ್ದರು. ದಿನಕ್ಕೆ ಐದು ಕಡೆ ಹೋಗಿ ಐದೂ ಕಡೆ ಉಣ್ಣದೆ, ಮೂರು ಗಂಟೆಗೆ ಮನೆಗೆ ಬಂದು ನನ್ನ ಕೈಯಲ್ಲಿ ಸೂಜಿ ಹಾಕಿಸಿಕೊಂಡು ಕುಚ್ಚಿಲಕ್ಕಿ ಅನ್ನ ಉಣ್ಣುತ್ತಿದ್ದರು.

ಜನ ಮೊದಮೊದಲು ಅಧ್ಯಕ್ಷರು ಬ್ಯುಸಿ ಎಂದರು. ಆಮೇಲೆ ಅಹಂಕಾರ ಎಂದರು. ಕಡೆಗೆ, ಹಿರಿಯರು ಬಂದು ಹೋದ ಕೆಲವು ದಿನಗಳಲ್ಲಿ, ದಲಿತರ ಒಂದು ಕಾಲೊನಿಯ ಮನೆ ಒಕ್ಕಲಿನಲ್ಲಿ ಎಲ್ಲ ಮುಗಿಯಿತು. ಆ ಮನೆಯ ಹೆಂಗಸು ನನ್ನ ಶಿಷ್ಯೆ. ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಹತ್ತು ಸಲ ಬಂದು ಕರೆದಿದ್ದಳು. ಅವಳೇ ಒಂದು ಲೋಟ ಬೆಲ್ಲದ ಪಾನಕ ತಂದು ಇವರ ಕೈಯಲ್ಲಿಟ್ಟಳು. ಇವರು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಯಾರೋ ಮಾತಾಡಿಸಿದಾಗ ಜಗಲಿಯ ಕಟ್ಟೆಯ ಮೇಲೆ ಮೆಲ್ಲ ಇಟ್ಟುಬಿಟ್ಟರು. ಒಬ್ಬ ಮೊಬೈಲಿನಲ್ಲಿ ವಿಡಿಯೋ ತೆಗೆದ. ಸಂಜೆಯೊಳಗೆ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಬಂತು, ಕಾಲೊನಿಯ ನೀರು ಮುಟ್ಟದ ಅಧ್ಯಕ್ಷರು ಎಂಬ ಬರಹದೊಂದಿಗೆ.

ಇವರಿಗೆ ಜಾತಿಯ ಅಹಂಕಾರ ಇಲ್ಲವೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ನಮ್ಮ ತಲೆಮಾರಿನ ಗಂಡಸರಲ್ಲಿ ಅದು ಇಲ್ಲದವರು ಕಡಿಮೆ. ಆದರೆ ಆ ಲೋಟದಲ್ಲಿ ಇವರು ಕಂಡದ್ದು ಬೆಲ್ಲವನ್ನು. ಹೋಗಿ ಅವಳಿಗೊಬ್ಬಳಿಗಾದರೂ ನಿಜ ಹೇಳಿ ಬನ್ನಿ ಎಂದು ಬೇಡಿಕೊಂಡೆ. ಚುನಾವಣೆ ಮುಗಿಯಲಿ ಎಂದರು. ನನಗೆ ಬಹಳ ನಾಚಿಕೆಯಾಯಿತು. ಅವಳು ಕಡಬದ ಬಸ್ಸು ನಿಲ್ದಾಣದಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿದಳು. ನನ್ನ ಬಾಯಿ ಕಟ್ಟಿತ್ತು.

ಎರಡನೆಯ ಸಲ ಬಂದಾಗ ಹಿರಿಯರು ಕಾಫಿಯನ್ನು ಹೊಗಳಲಿಲ್ಲ. ಸದಸ್ಯರ ಭಾವನೆ, ಪಕ್ಷದ ಹೆಸರು, ಯುವಕರಿಗೆ ಅವಕಾಶ ಎಂದೆಲ್ಲ ಮಾತಾಡಿದರು. ಆ ವಿಡಿಯೋವನ್ನು ಹೆಸರೆತ್ತದೆ ನಾಲ್ಕು ಸಲ ನೆನಪಿಸಿದರು. ಇವರು ನಾನು ನಿಲ್ಲುವವನೇ ಎಂದು ಖಂಡಿತವಾಗಿ ಹೇಳಿ ಕಳಿಸಿದರು. ಉಪಾಧ್ಯಕ್ಷರು ಅಂಗಳಕ್ಕಿಳಿದವರು ನೀರು ಬೇಕೆಂದು ಅಡುಗೆ ಮನೆಯ ಬಾಗಿಲಿಗೆ ಬಂದರು. ಅಕ್ಕ, ನೀವಾದರೂ ಸ್ವಲ್ಪ ಹೇಳಬೇಕು, ಸೋತು ಇಳಿಯುವುದಕ್ಕಿಂತ ತಾನಾಗಿ ಇಳಿಯುವುದು ಮೇಲಲ್ಲವೇ ಎಂದು ಮೆಲ್ಲ ಹೇಳಿದರು. ನೀರಿನ ಲೋಟ ಕೊಟ್ಟೆ, ಉತ್ತರ ಕೊಡಲಿಲ್ಲ. ಮುಂದಿನ ಅಧ್ಯಕ್ಷನಾಗುವ ಆಸೆ ಆ ಮನುಷ್ಯನ ಕಣ್ಣಿನಲ್ಲೇ ಕಾಣುತ್ತಿತ್ತು. ಬಾಗಿಲಲ್ಲಿ ನಾವಿಬ್ಬರು ನಿಂತದ್ದನ್ನು ಇವರು ಚಾವಡಿಯಿಂದ ನೋಡಿದರು.

ಮೂರನೆಯ ಸಲ ಇಬ್ಬರೂ ಬಂದದ್ದು ನಾಮಪತ್ರ ಸಲ್ಲಿಸುವ ಮುನ್ನಾ ದಿನ. ಹಿರಿಯರ ಕಿಸೆಯಲ್ಲಿ ಟೈಪು ಮಾಡಿದ ಒಂದು ಹಾಳೆಯಿತ್ತು.

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಧ್ಯಕ್ಷರೇ," ಎಂದರು. "ಆರೋಗ್ಯದ ಕಾರಣದಿಂದ ಈ ಸಲ ಸ್ಪರ್ಧೆ ಮಾಡುದಿಲ್ಲ ಅಂತ ಒಂದು ಹೇಳಿಕೆ ಕೊಡಿ. ಪೇಪರಿನವರಿಗೆ ನಾವು ಮುಟ್ಟಿಸ್ತೇವೆ. ನಿಮ್ಮ ಮರ್ಯಾದೆಗೆ ಎಂತ ಕಡಿಮೆ ಆಗುದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಇವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಯಾರು ಹೇಳಿದರು ಈ ಹಿರಿಯರಿಗೆ? ಹಾಸನದ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹುಡುಗಿ ಪುತ್ತೂರಿನವಳೇ? ಮದ್ದಿನಂಗಡಿಯವನೇ? ಒಂದೇ ಕ್ಷಣದಲ್ಲಿ ನಾನು ಹತ್ತು ಮಂದಿಯನ್ನು ಅನುಮಾನಿಸಿದೆ. ಇವರು ಒಬ್ಬರನ್ನೇ. ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದರು.

ಆಮೇಲೆ ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿದರು. ಹಿರಿಯರಿಗೇ ಆಶ್ಚರ್ಯವಾಗಿರಬೇಕು, ಇನ್ನೂ ಅರ್ಧ ಗಂಟೆ ವಾದಿಸಲು ತಯಾರಾಗಿ ಬಂದಿದ್ದರು. ಹಾಳೆಯನ್ನು ಮಡಚಿ ಕಿಸೆಗೆ ಹಾಕಿ ಬೇಗ ಬೇಗ ಹೊರಟರು.

ಕಾರಿನ ಸದ್ದು ದೂರವಾದ ಮೇಲೆ ಇವರು ಕೇಳಿದರು, "ಅವನಿಗೆ ಎಷ್ಟು ಹೇಳಿದ್ದಿ?"

"ಯಾರಿಗೆ?"

"ಅಡುಗೆ ಮನೆ ಬಾಗಿಲಿಗೆ ನೀರು ಕೇಳ್ಲಿಕ್ಕೆ ಬಂದವನಿಗೆ."

ನಾನು ಹೇಳಿಲ್ಲ ಎಂದೆ. ಬೇಕಾದರೆ ದೈವದ ಎದುರು ನಿಂತು ಹೇಳುತ್ತೇನೆ ಎಂದೆ. ದೈವವನ್ನು ಎಳೆಯಬೇಡ ಎಂದರು. ನಮಗಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ್ದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಮರುದಿನದಿಂದ ಇವರು ಕೋಣೆಯ ಬಾಗಿಲು ಹಾಕಿಕೊಂಡು ತಾವೇ ಸೂಜಿ ಚುಚ್ಚಿಕೊಳ್ಳತೊಡಗಿದರು. ಮಾತು ನಿಲ್ಲಲಿಲ್ಲ. ಅನ್ನ ಬಡಿಸು, ಗೇಟು ಹಾಕು, ಫೋನು ಬಂತು, ಇಂಥದ್ದೆಲ್ಲ ಇತ್ತು. ಆದರೆ ಸೊಸೈಟಿಯ ಸುದ್ದಿ, ಊರಿನ ಸುದ್ದಿ ಯಾವುದನ್ನೂ ನನ್ನೆದುರು ಆಡುತ್ತಿರಲಿಲ್ಲ. ನಾನು ಬಂದರೆ ಫೋನಿನಲ್ಲಿ ಧ್ವನಿ ತಗ್ಗುತ್ತಿತ್ತು.

ಹೇಳಿಕೆ ಪೇಪರಿನ ಒಳಪುಟದಲ್ಲಿ ಬಂತು. ನಂಬಿದವರು ಒಬ್ಬರೂ ಇಲ್ಲ. ಒಂದು ದಿನ ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಆರೋಗ್ಯವಂತೆ, ಆರೋಗ್ಯ! ಕಾಫಿ ಕೊಯ್ಲು ಬಂದಿರಬೇಕು ಘಟ್ಟದಲ್ಲಿ. ಇಬ್ಬರೂ ನಕ್ಕರು. ಹಿಂದೆ ತಿರುಗಿ, ನಾಲ್ಕು ವರ್ಷ ಈ ಕೈಯಲ್ಲಿ ಸೂಜಿ ಹಾಕಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಹಾಗೆ ಎಲ್ಲರೂ ಸುಳ್ಳೆಂದು ನಗುತ್ತಿದ್ದಾರಲ್ಲ, ಹಾಗಾದರೆ ನಿಜ ಗೊತ್ತಿರುವವರು ಯಾರು ಎಂಬ ಯೋಚನೆ ಆಗಲೇ ಬರಬೇಕಿತ್ತು. ಅನುಮಾನದ ಪೆಟ್ಟಿಗೆಗೂ ಅದು ಹೊಳೆಯಲಿಲ್ಲ.

ಆರು ತಿಂಗಳ ಮೇಲೆ ಉಪಾಧ್ಯಕ್ಷರ ಮಗಳ ಮದುವೆ ಪುತ್ತೂರಿನ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಉಪಾಧ್ಯಕ್ಷರು ಅಷ್ಟು ಹೊತ್ತಿಗೆ ಅಧ್ಯಕ್ಷರಾಗಿದ್ದರು. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆಂದು ನಾವಿಬ್ಬರೂ ಹೋದೆವು. ವೇದಿಕೆಯ ಕೆಳಗೆ ಹಿರಿಯರು ಸಿಕ್ಕಿದರು, ಸುತ್ತ ಐದಾರು ಜನ. ಇವರ ಬೆನ್ನು ತಟ್ಟಿ ದೊಡ್ಡ ಧ್ವನಿಯಲ್ಲಿ ಹೇಳಿದರು, "ಎಂತ ಮಾರಾಯ್ರೆ, ಕಾಯಿಲೆ ಗುಣ ಆಯ್ತಾ? ಆ ಹಾಳೆ ಟೈಪು ಮಾಡಿಸುವಾಗ ನಾವಿಬ್ಬರು ಎಷ್ಟು ತಲೆ ಕೆಡಿಸಿಕೊಂಡು ಹುಡುಕಿದ ಕಾಯಿಲೆ ಗೊತ್ತುಂಟಾ? ಮೊದಲು ಬೆನ್ನುನೋವು ಅಂತ ಬರೆಯುವ ಅಂತಿದ್ದೆವು, ಕಡೆಗೆ ಬರೀ ಆರೋಗ್ಯ ಅಂತ ಹಾಕಿದ್ದು."

ಎಲ್ಲರೂ ನಕ್ಕರು. ಹೊಸ ಅಧ್ಯಕ್ಷರು ಹೆಚ್ಚು ನಕ್ಕರು. ಇವರೂ ಹಲ್ಲು ಬಿಟ್ಟರು, ಆದರೆ ಕಣ್ಣು ನನ್ನನ್ನು ಹುಡುಕುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆಯೇ ನಿಂತಿದ್ದೆ. ಎಲ್ಲ ಕೇಳಿಸಿಕೊಂಡಿದ್ದೆ.

ವಾಪಸ್ಸು ಬರುವಾಗ ಇವರೇ ಕಾರು ಓಡಿಸುತ್ತಿದ್ದರು. ಆಲಂಕಾರು ದಾಟಿದ ಮೇಲೆ ಕಾರಿನ ವೇಗ ಕಡಿಮೆ ಮಾಡಿದರು.

"ಅವರಿಗೆ ಗೊತ್ತೇ ಇರ್ಲಿಲ್ಲ," ಎಂದರು. "ನೀನು ಹೇಳಿದ್ದಲ್ಲ."

ನನಗೆ ಸಮಾಧಾನವಾಗಬೇಕಿತ್ತು. ಆದರೆ ಆರು ತಿಂಗಳಿನಿಂದ ಬಾರದಿದ್ದ ಸಿಟ್ಟು ಆಗ ಬಂತು.

"ಅಲ್ಲ ಅಂತ ನಾನು ಆವತ್ತೇ ಹೇಳಿದ್ದೆ," ಎಂದೆ. "ನಾನು ಹೇಳಿದ್ದು ಸಾಕಾಗ್ಲಿಲ್ಲ. ಅವರು ನಗಾಡಿದ ಮೇಲೆ ನಂಬಿಕೆ ಬಂತು ನಿಮಗೆ."

ಇವರು ರಸ್ತೆ ನೋಡುತ್ತಾ ಇದ್ದರು. ತಪ್ಪಾಯಿತು ಎಂದರೋ, ಗಂಟಲು ಸರಿಮಾಡಿಕೊಂಡರೋ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದು ನಾನೂ ಕೇಳಲಿಲ್ಲ. ಆ ಹಿರಿಯರಿಗೆ ಆ ದಿನ ತಮಾಷೆ ಮಾಡುವ ಮನಸ್ಸು ಬಾರದೆ, ಬರೀ ಕೈ ಮುಗಿದು ದಾಟಿ ಹೋಗಿದ್ದರೆ, ಮೂವತ್ತಾರು ವರ್ಷ ಸಂಸಾರ ಮಾಡಿದ ನಾನು ಸಾಯುವವರೆಗೂ ಈ ಮನೆಯಲ್ಲಿ ಗುಟ್ಟು ಬಿಟ್ಟುಕೊಟ್ಟವಳಾಗಿಯೇ ಇರುತ್ತಿದ್ದೆ.