ಹೊಟ್ಟೆ ತುಂಬಿದ ಉಣುಗು

ಜನ ದನ ಸಾಕುತ್ತಾರೆ, ಕೋಳಿ ಸಾಕುತ್ತಾರೆ. ಕಂಕನಾಡಿಯ ರೊಸಾಲಿನ್ ಸಾಕುತ್ತಿದ್ದದ್ದು ದನದ ರಕ್ತ ಹೀರುವ ಉಣುಗು. ಅಡುಗೆಮನೆಯಲ್ಲಿ ಒಂದು ಬೋಗುಣಿ ಒದ್ದೆ ಮರಳು, ಅದರಲ್ಲಿ ನಿಲ್ಲಿಸಿದ ಗಾಜಿನ ಟ್ಯೂಬುಗಳು, ಒಳಗೆ ಉಣುಗು. ತಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲಿ ಇವಕ್ಕೆ ಜಾಗ ಕೇಳಿದಾಗ, "ಹೆಂಗಸರಿಗೆ ಇದೆಲ್ಲ ಯಾಕೆ?" ಎಂದಿದ್ದರು. ಕೊಡದಿದ್ದರೆ ಬಿಡಲಿ, ಮನೆಯಿಲ್ಲವೇ! ಇದು 1981ರ ಮಾತು.

ನೆರೆಮನೆಯ ಕುಶಲಾ ತನ್ನ ದನದ ಕಿವಿಯಿಂದ ಉಣುಗು ಕಿತ್ತು ಕೊಡುತ್ತಿದ್ದಳು. "ಇದರಲ್ಲಿ ಎಂತ ಉಂಟು ರೊಸಾಲಿನ್ ಬಾಯಿ?"

"ಹಾರ್ಮೋನು ಉಂಟು ಕುಶಲಕ್ಕ. ಹೊಟ್ಟೆ ತುಂಬ ರಕ್ತ ಕುಡಿದ ಮೇಲೆ ಮೈಯೊಳಗೆ ಏರ್ತದೆ. ಮೊಟ್ಟೆ ಇಡಿಸುವುದು, ಮರಿಯ ಪೊರೆ ಕಳಚಿಸುವುದು ಎಲ್ಲ ಅದೇ. ಒಳಗೆ ವಾಸ ಇರುವ ಸೂಕ್ಷ್ಮಜೀವಿಗಳೂ ಅದರ ಮಾತು ಕೇಳ್ತವಾ ಅಂತ ನನಗೆ ನೋಡ್ಬೇಕು."

ತಾಯಿ ವೆರೋನಿಕಾಗೆ ನೋಡಬೇಕಿದ್ದದ್ದು ಅಳಿಯನನ್ನು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕುವೈತಿನಿಂದ ರಜೆಯಲ್ಲಿ ಬಂದ ಬಾಸಿಲ್ ಹುಡುಗಿ ನೋಡಲು ಬರುವ ಭಾನುವಾರ, ಇಗರ್ಜಿಯಿಂದ ಬಂದವರೇ ವೆರೋನಿಕಾ ಟ್ಯೂಬುಗಳ ಉಣುಗನ್ನೆಲ್ಲ ಅಂಗಳದ ಒಗೆಯುವ ಕಲ್ಲಿನ ಬುಡದಲ್ಲಿ ಸುರಿದರು. ಬಿಸಿನೀರು ಹೊಯ್ಯಬಹುದಿತ್ತು. ಪಾಪನಿವೇದನೆ ಮಾಡಿ ಬಂದ ದಿನವೇ ಜೀವ ತೆಗೆಯಲು ಮನಸ್ಸಾಗಲಿಲ್ಲ. ದನ ಇಲ್ಲದೆ ತಾವಾಗಿಯೇ ಸಾಯುತ್ತವೆ ಎಂದುಕೊಂಡರು.

ಕಂಡ ರೊಸಾಲಿನ್‌ಗೆ ಮೈಯೆಲ್ಲ ಉರಿಯಿತು. ರೇಷ್ಮೆ ಸೀರೆಯಲ್ಲೇ ಮಣ್ಣಿಗೆ ಮಂಡಿಯೂರಿ ಉಣುಗು ಹೆಕ್ಕತೊಡಗಿದಳು. ಅಷ್ಟರಲ್ಲಿ ಬಾಸಿಲ್‌ನ ಮನೆಯವರ ಕಾರು ಬಂತು.

"ಕಿವಿಯ ಓಲೆ ಬಿದ್ದದ್ದು, ಹುಡುಕ್ತಾ ಇದ್ದಾಳೆ," ಎಂದರು ವೆರೋನಿಕಾ ಗಾಬರಿಯಲ್ಲಿ.

"ಓಲೆ ಅಲ್ಲ, ಉಣುಗು," ಎಂದಳು ರೊಸಾಲಿನ್.

ಬಾಸಿಲ್ ನಕ್ಕ. ಕೆಟ್ಟವನಲ್ಲ, ಪಾಪ. "ಮದುವೆ ಆದ ಮೇಲೆ ಇದೆಲ್ಲ ಬಿಡ್ತೀರಲ್ಲ?"

ಅವಳು ಎದ್ದು ಅಂಗೈ ಚಾಚಿದಳು. ಹರಳುಬೀಜದಷ್ಟು ಉಬ್ಬಿದ ಉಣುಗೊಂದು ಕಾಲಾಡಿಸುತ್ತಿತ್ತು. "ಅರೆಹೊಟ್ಟೆಯಲ್ಲಿ ಕಿತ್ತರೆ ಇದು ಮೊಟ್ಟೆ ಇಡುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಎಲ್ಲಿ ಬಿಸಾಡಿದರೂ ಇಟ್ಟೇ ಇಡ್ತದೆ. ನೀವು ಬರುವಾಗ ತಡ ಆಯ್ತು. ನಾನು ಬಿಡುವುದಿಲ್ಲ."

ಬಂದವರು ಚಹಾ ಕುಡಿಯದೆ ಹೋದರು. ವೆರೋನಿಕಾ ಮಗಳೊಡನೆ ಮಾತು ಬಿಟ್ಟರು.

ಕೆಲವು ವಾರ ಕಳೆದು, ಬಟ್ಟೆ ಒಗೆಯಲು ಹೋದ ವೆರೋನಿಕಾ ಕಲ್ಲಿನ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಮೊಟ್ಟೆಗಳ ಗುಪ್ಪೆ ಕಂಡರು. ಪಕ್ಕದಲ್ಲಿ ತಾಯಿ ಉಣುಗು ಸುಕ್ಕಿ ಸತ್ತಿತ್ತು. ಅವರು ಬಟ್ಟೆಯ ಬುಟ್ಟಿ ಇಳಿಸಿ, ಬಗ್ಗಿ ನೋಡಿದರು. ಆಮೇಲೆ ಸರಸರನೆ ಒಳಗೆ ಹೋದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಇದನ್ನೆಲ್ಲ ಕಿಟಕಿಯಿಂದ ಕಂಡ ರೊಸಾಲಿನ್, ಅಮ್ಮ ಬಿಸಿನೀರು ತರುತ್ತಾರೆಂದು ಓಡಿಬಂದು ಕಲ್ಲಿಗೆ ಅಡ್ಡ ನಿಂತಳು.

ವೆರೋನಿಕಾ ಹೊರಗೆ ಬಂದಾಗ ಕೈಯಲ್ಲಿದ್ದದ್ದು ಖಾಲಿ ಟ್ಯೂಬು.

"ಹಿಡಿ," ಎಂದರು. "ಬೇಗ ತುಂಬಿಸು, ಬಿಸಿಲು ಏರ್ತಾ ಉಂಟು."