ಕಾಲರ್ ನೋಡಿ ಕೂರಿಸುತ್ತಿದ್ದ ಸರ್

ಬಕೆಟ್ಟಿನ ನೀರಿಗೆ ಬಿದ್ದ ನೀಲಿಯ ಹನಿ ಕೂಡಲೇ ಕರಗುವುದಿಲ್ಲ. ದಾರದಂತೆ ಕೆಳಗಿಳಿದು, ತಳ ಮುಟ್ಟಿ, ಆಮೇಲೆ ಹರಡುತ್ತದೆ. ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿರುವ ನಾನು, ರೂಮ್‌ಮೇಟ್ ಬಿಳಿ ಬಟ್ಟೆ ಅದ್ದುವುದನ್ನು ಒಂದು ಸಂಜೆ ಸುಮ್ಮನೆ ನೋಡುತ್ತ ನಿಂತಿದ್ದೆ. ಹೈಸ್ಕೂಲಿನ ಗಣಿತದ ಸರ್ ನೆನಪಾದರು. ಪ್ರೀತಿಯಿಂದಲ್ಲ.

ನಮ್ಮ ಶಾಲೆ ಸಂಡೂರಿನ ಬಳಿ. ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲೇ ನಾವು ನಡೆದು ಹೋಗುತ್ತಿದ್ದೆವು. ಶನಿವಾರ ಬಿಳಿ ಯೂನಿಫಾರ್ಮ್. ಅವ್ವ ಹಿಂದಿನ ಸಂಜೆ ಎಷ್ಟು ನೀಲಿ ಹಾಕಿ ಜಾಲಾಡಿದರೂ ಶಾಲೆ ಮುಟ್ಟುವಷ್ಟರಲ್ಲಿ ಅದಿರಿನ ಧೂಳಿಗೆ ಕಾಲರ್ ಕೆಂಪಾಗಿರುತ್ತಿತ್ತು. ಸರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲರನ್ನೂ ಸ್ಕೇಲಿನ ತುದಿಯಿಂದ ಮಗುಚಿ ನೋಡುತ್ತಿದ್ದರು. ಬಿಳಿ ಇದ್ದವರು ಮುಂದೆ, ಕೆಂಪಾದವರು ಹಿಂದೆ. ಶನಿವಾರ ಕೂತ ಜಾಗವೇ ಇಡೀ ವಾರದ ಜಾಗ. ಹಿಂದಿನ ಬೆಂಚಿನವರಿಗೆ ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ಕೈ ಎತ್ತಿದರೂ ಅತ್ತ ನೋಡುತ್ತಿರಲಿಲ್ಲ.

ತಾವು ಮಾತ್ರ ಬೇಸಿಗೆಯಲ್ಲೂ ರೇನ್‌ಕೋಟ್ ತೊಟ್ಟು ಬೈಕಿನಲ್ಲಿ ಬರುತ್ತಿದ್ದರು. ಗೇಟಿನ ಬಳಿ ಅದನ್ನು ಬಿಚ್ಚಿ ಕೊಡವಿದರೆ ಕೆಂಪು ಧೂಳು ಏಳುತ್ತಿತ್ತು. ಒಳಗಿನ ಅಂಗಿ ಅಚ್ಚ ಬಿಳಿ…

ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಅವ್ವ ಅದಿರು ತುಂಬುವ ಜಾಗದಲ್ಲಿ ಗುಡಿಸುವ ಕೆಲಸ ಮಾಡುತ್ತಿದ್ದರು. ಗಣಿತದಲ್ಲಿ ಅವಳೆದುರು ನಾನು ಏನೂ ಅಲ್ಲ. ಒಂಬತ್ತನೇ ತರಗತಿಯಲ್ಲಿ ಒಂದು ದಿನ, ಬೋರ್ಡಿನ ಲೆಕ್ಕಕ್ಕೆ ಮುಂದಿನ ಬೆಂಚಿನವರು ಯಾರೂ ಉತ್ತರ ಹೇಳದಿದ್ದಾಗ, ಅವಳು ಹಿಂದಿನಿಂದ ಎದ್ದು ಹೇಳಿಬಿಟ್ಟಳು. ಉತ್ತರ ಸರಿಯಿತ್ತು.

"ಏನವ್ವಾ, ಅದಿರಿಗೂ ಬಾಯಿ ಬಂತೇನು?" ಎಂದರು ಸರ್. "ನಿಮ್ಮವ್ವನ ಕಸಬರಗಿ ಹಿಡಿಯಾಕ ಇಷ್ಟು ಗಣಿತ ಬೇಕಾ?"

ಮುಂದಿನವರೆಲ್ಲ ನಕ್ಕರು. ಮರುದಿನ ನಾನು ಕರೆಯಲು ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ನಾ ಬರಂಗಿಲ್ಲ. ನೀ ಹೋಗು."

"ಅವ್ರು ಅಂದ್ರ ಅಂದ್ಕೊಳ್ಳಲಿ, ಬಾರೇ."

"ನಿಂಗ ಅಂದಿಲ್ಲಲ್ಲ."

ಮತ್ತೆ ಅವಳು ಶಾಲೆಗೆ ಬರಲಿಲ್ಲ. ಮುಂದೆ ಆ ಕುಟುಂಬ ಕಂಪ್ಲಿ ಕಡೆ ಭತ್ತದ ಗದ್ದೆ ಕೆಲಸಕ್ಕೆ ಹೋಯಿತು ಎಂದರು. ಎರಡು ಸಲ ಹುಡುಕಿಕೊಂಡು ಹೋಗಿದ್ದೆ… ಸಿಗಲಿಲ್ಲ.

ನೀಲಿಯ ಆ ಸಂಜೆ ಕಳೆದು ಕೆಲವೇ ದಿನಕ್ಕೆ, ಕಾಲೇಜಿನಲ್ಲಿ ನಾವೆಲ್ಲ 'ನನ್ನ ಬೋಧನೆಯ ತತ್ವ' ಎಂದು ಬರೆದು ಓದಬೇಕಾಗಿತ್ತು. ಆ ಕಾರ್ಯಕ್ರಮದ ಮುಖ್ಯ ಅತಿಥಿಯ ಹೆಸರು ನೋಟಿಸ್ ಬೋರ್ಡಿನಲ್ಲಿ ಕಂಡಿತು. ಅವರೇ. ನಿವೃತ್ತರಾಗಿದ್ದರು. ಆಗಲೇ ಬರೆದಿದ್ದನ್ನು ಹರಿದು ಹಾಕಿ, ಅವರಿಗೆಂದೇ ಮತ್ತೆ ಬರೆದೆ. ಮಗು ನಡೆದು ಬಂದ ರಸ್ತೆ ಅದರ ಜಾಗವನ್ನು ತೀರ್ಮಾನಿಸಬಾರದು ಎಂದು ಬರೆದೆ. ತಪ್ಪು ಮಾಡಲು ಧೈರ್ಯ ಕೊಡಬೇಕು ಎಂದು ಪುಸ್ತಕಗಳು ಹೇಳುತ್ತವೆ, ನಮ್ಮ ಬೆಂಚಿನಲ್ಲಿ ಸರಿ ಉತ್ತರ ಹೇಳುವುದಕ್ಕೇ ಧೈರ್ಯ ಬೇಕಿತ್ತು ಎಂದು ಬರೆದೆ. ಕಾಲರ್, ಸ್ಕೇಲು, ಕಸಬರಗಿ ಎಲ್ಲವನ್ನೂ ಬರೆದೆ. ಅವರ ಹೆಸರನ್ನು ಮಾತ್ರ ಬಿಟ್ಟೆ. ಎಲ್ಲರೆದುರು ಆ ಮುಖ ಬಾಡುವುದನ್ನು ನಾನು ನೋಡಬೇಕಿತ್ತು.

ಓದಿ ಮುಗಿಸಿದಾಗ ಸರ್ ಸನ್ಮಾನದ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಂಥಾ ಕಟುಕ ಅಂವ!" ಎಂದರು ಮೈಕಿನಲ್ಲೇ. "ಇಂಥವ್ರಿಂದನ ನಮಗೆಲ್ಲ ಕೆಟ್ಟ ಹೆಸರು. ಯಾವ ಸಾಲ್ಯಾಗ ಓದೀಯವ್ವ?"

ಹೇಳಿದೆ.

"ಅರೇ, ನಾನೂ ಅಲ್ಲೇ ಇದ್ದೆನಲ್ಲ! ಅಂವ ಯಾರಂತ ನೆನಪಾಗವಲ್ದು ನೋಡು. ಹಂಗಾರ ನೀ ನನ್ನ ಶಿಷ್ಯೆ! ಮೇಡಂ, ನೋಡ್ರಿ, ಇದು ನಾ ತಿದ್ದಿದ ಕೂಸು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನನ್ನ ತಲೆಯ ಮೇಲಿತ್ತು. ಯಾರೋ ಫೋಟೊ ತೆಗೆದರು. ಪ್ರಿನ್ಸಿಪಾಲ್ ಮೇಡಂಗೆ ಭಾಳ ಖುಷಿ. ಬರಹವೂ ಫೋಟೊವೂ ಒಟ್ಟಿಗೇ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರುತ್ತವೆ ಎಂದರು. ನನ್ನ ಗೆಳತಿಯನ್ನು ಲೆಕ್ಕದಿಂದ ಕಳೆದವರು ಈಗ ನನ್ನನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ನಾನು ಯಾರ ಪರವಾಗಿ ಬರೆದಿದ್ದೆನೋ ಅವಳು ಅಲ್ಲಿರಲಿಲ್ಲ… ಇನ್ನೆಂದೂ ಆ ಬೆಂಚಿಗೆ ಬರುವವಳಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಮೇಡಂ ಕೋಣೆಗೆ ಹೋದೆ. "ಫೋಟೊ ಹಾಕ್ರಿ ಮೇಡಂ. ಅದರ ಕೆಳಗಿನ ಸಾಲು ನಾನ ಬರದು ಕೊಡ್ತೀನಿ" ಎಂದೆ. ಅವರು ನಗುತ್ತ ಹಾಳೆ ಕೊಟ್ಟರು. 'ಬರಹದಲ್ಲಿರುವ ಸರ್ ಇವರೇ' ಎಂದು ಬರೆದು ಅವರ ಮುಂದಿಟ್ಟೆ.

ಮೇಡಂ ಅದನ್ನು ಓದಿ ಕನ್ನಡಕ ತೆಗೆದರು. "ಇಷ್ಟು ದ್ವೇಷ ಇಟ್ಕೊಂಡು ಪಾಠ ಹೆಂಗ ಮಾಡ್ತೀಯವ್ವ?"

"ಮಾಡ್ತೀನ್ರಿ" ಎಂದೆ. ಕೆಳಗೆ ಸಹಿ ಹಾಕಿ, ಅಭ್ಯಾಸ ಪಾಠಕ್ಕೆಂದು ಕಡ್ಡಿರಾಂಪುರದ ಬಸ್ಸು ಹತ್ತಿದೆ.